ಬಾಕುವಿನಲ್ಲಿ ಎರಡು ಟೈರ್ ಸಿಡಿದದ್ದು ಯಾಕೆ? 320ರ ವೇಗದಲ್ಲಿ ಗಾಳಿಯ ಲೆಕ್ಕ

[ದೃಶ್ಯ: ಸುರತ್ಕಲ್, ಹೆದ್ದಾರಿ ಬದಿಯ ಟೈರ್ ಅಂಗಡಿ. ಹೊರಗೆ ಮಳೆ. ರಿಮ್‌ನಿಂದ ಬಿಚ್ಚಿಟ್ಟ ಹಳೆಯ ಕಾರ್ ಟೈರ್. ಕ್ಯಾಮರಾ ನಿಧಾನವಾಗಿ ಟೈರ್‌ನ ಒಳಭಾಗಕ್ಕೆ.]

ನಿರೂಪಣೆ:
ಈ ಟೈರ್ ನೋಡಿ. ಹೊರಗಿನಿಂದ ಎಂತ ತೊಂದರೆಯೂ ಕಾಣುವುದಿಲ್ಲ. ಬಟನ್ ಇನ್ನೂ ಅರ್ಧಕ್ಕಿಂತ ಜಾಸ್ತಿ ಉಂಟು. ಈಗ ಒಳಗೆ ಕೈ ಹಾಕಿ ಒಂದು ಸಲ ಒರೆಸುವ.

[ಕ್ಲೋಸಪ್: ಬೆರಳಿಗೆ ಅಂಟಿದ ಕಪ್ಪು ಹುಡಿ]

ಇದು ರಸ್ತೆಯ ಧೂಳಲ್ಲ, ರಬ್ಬರಿನ ಹುಡಿ. ಗಾಳಿ ತೀರಾ ಕಮ್ಮಿ ಇರುವಾಗ ಓಡಿಸಿದ್ದಾರೆ. ಸೈಡ್‌ವಾಲ್, ಅಂದರೆ ಟೈರ್‌ನ ಪಕ್ಕದ ಗೋಡೆ, ಮಡಚಿ ಮಡಚಿ ಒಳಪದರವೇ ಉಜ್ಜಿ ಉದುರಿದೆ. ಇಂಥ ಟೈರ್‌ಗೆ ಮತ್ತೆ ಗಾಳಿ ತುಂಬಿದರೆ ನಿಲ್ಲುತ್ತದೆ, ನಾಲ್ಕು ದಿನ ಓಡಲೂಬಹುದು. ಆದರೆ ಅಂಗಡಿಯವರು ಇದನ್ನು ಮತ್ತೆ ರಿಮ್‌ಗೆ ಹಾಕಿ ಕೊಟ್ಟರೆ ಅದು ಉಪಕಾರ ಅಲ್ಲ ಮಾರಾಯ್ರೆ.

ಇದೇ ಜಾತಿಯ ಕಾಯಿಲೆ, ಇದಕ್ಕಿಂತ ಬಹಳ ದೊಡ್ಡ ರೂಪದಲ್ಲಿ, 2021ರ ಜೂನ್ 6ರಂದು ಅಜರ್‌ಬೈಜಾನಿನ ಬಾಕು ನಗರದಲ್ಲಿ ಫಾರ್ಮುಲಾ 1 ರೇಸನ್ನೇ ತಲೆಕೆಳಗು ಮಾಡಿತು.

[ಗ್ರಾಫಿಕ್: ಬಾಕು ಟ್ರ್ಯಾಕ್ ನಕ್ಷೆ. ಪರದೆಯ ಮೇಲೆ: 6.003 ಕಿ.ಮೀ., 51 ಲ್ಯಾಪ್, ಕೊನೆಯಲ್ಲಿ ಸುಮಾರು 2.2 ಕಿ.ಮೀ. ಪೂರ್ತಿ ಆಕ್ಸಿಲರೇಟರ್]

ಬಾಕು ಟ್ರ್ಯಾಕ್ ಅಂದರೆ ಊರಿನ ರಸ್ತೆಯೇ. ಹಳೆಯ ಕೋಟೆ ಗೋಡೆಯ ಬುಡದಲ್ಲಿ ತುಂಬಾ ಇಕ್ಕಟ್ಟಿನ ತಿರುವು. ಅದನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಸಮುದ್ರದ ಬದಿಯ ಉದ್ದ ನೇರ ದಾರಿ. ಈ ನೇರ ದಾರಿಯಲ್ಲಿ ಕಾರು 320 ದಾಟುತ್ತದೆ. ಎರಡೂ ಅಪಘಾತ ಆದದ್ದು ಇಲ್ಲಿಯೇ.

ಮೊದಲು ಆಸ್ಟನ್ ಮಾರ್ಟಿನ್ ತಂಡದ ಲಾನ್ಸ್ ಸ್ಟ್ರೋಲ್. ಹಾರ್ಡ್ ಟೈರ್‌ನಲ್ಲಿ, ಅಂದರೆ ಬೇಗ ಸವೆಯದ ಗಟ್ಟಿ ರಬ್ಬರಿನದ್ದರಲ್ಲಿ, ಹೊರಟವರು ಟೈರ್ ಬದಲಿಸಲು ಒಮ್ಮೆಯೂ ಪಿಟ್‌ಗೆ ಬಂದಿರಲಿಲ್ಲ. ಮೂವತ್ತು ಲ್ಯಾಪ್‌ನ ಹೊತ್ತಿಗೆ ಎಡ ಹಿಂದಿನ ಟೈರ್ ಸಿಡಿಯಿತು, ಕಾರು ಗೋಡೆಗೆ. ಟೈರ್ ಮುದಿಯಾಗಿತ್ತು, ಇಲ್ಲ ಏನೋ ಚೂರು ಚುಚ್ಚಿತು ಅಂತ ಎಲ್ಲರೂ ಅಂದುಕೊಂಡರು. ಆಮೇಲೆ ಐದೇ ಲ್ಯಾಪ್ ಬಾಕಿ ಇರುವಾಗ, ಎಲ್ಲರಿಗಿಂತ ಮುಂದೆ ಆರಾಮಾಗಿ ಹೋಗುತ್ತಿದ್ದ ರೆಡ್ ಬುಲ್‌ನ ಮ್ಯಾಕ್ಸ್ ವರ್ಸ್ಟಾಪನ್. ಅದೇ ಎಡ ಹಿಂದಿನ ಟೈರ್, ಅದೇ ನೇರ ದಾರಿ. ಕಾರಿನಿಂದ ಇಳಿದು ಬಂದು ಟೈರ್‌ಗೆ ಕೊಟ್ಟ ಒದೆತದ ವಿಡಿಯೋ ನೀವೂ ನೋಡಿರಬಹುದು.

ಇಬ್ಬರಿಗೂ ದೊಡ್ಡ ಗಾಯ ಆಗಲಿಲ್ಲ. ಆ ವೇಗದಲ್ಲಿ ಕಾಂಕ್ರೀಟ್ ಗೋಡೆಗೆ ಬಡಿದೂ ನಡೆದುಕೊಂಡು ಹೋದದ್ದು ಕಾರ್ಬನ್ ಫೈಬರ್ ಚಾಸಿಯ ಪುಣ್ಯ.

ರೇಸ್ ನಿಲ್ಲಿಸಿ, ಟೈರ್ ಬದಲಿಸಲು ಅವಕಾಶ ಕೊಡಿ ಎಂದು ರೆಡ್ ಬುಲ್ ತಂಡವೇ ರೇಡಿಯೋದಲ್ಲಿ ಅಧಿಕಾರಿಗಳಿಗೆ ಹೇಳಿತು. ಅವರ ಇನ್ನೊಬ್ಬ ಚಾಲಕ ಸೆರ್ಜಿಯೋ ಪೆರೆಜ್ ಕೂಡ ಹಾರ್ಡ್ ಟೈರ್‌ನಲ್ಲೇ ಇದ್ದರಲ್ಲ. ಕೆಂಪು ಬಾವುಟ ಬಂತು. ಕೊನೆಯ 2 ಲ್ಯಾಪ್‌ಗೆ ಮತ್ತೆ ನಿಂತಲ್ಲಿಂದ ಓಟ. ಲೂಯಿಸ್ ಹ್ಯಾಮಿಲ್ಟನ್ ಕೈ ತಾಗಿ ಸ್ಟೀರಿಂಗ್ ಮೇಲಿನ ಬ್ರೇಕ್ ಸ್ವಿಚ್ ಬದಲಾಯಿತು, ಕಾರು ಮೊದಲ ತಿರುವಿನಲ್ಲಿ ತಿರುಗದೆ ನೇರ ಹೋಯಿತು. ಪೆರೆಜ್ ಗೆದ್ದರು, ಸೆಬಾಸ್ಟಿಯನ್ ವೆಟ್ಟೆಲ್ ಎರಡನೆಯವರು, ಪಿಯರ್ ಗ್ಯಾಸ್ಲಿ ಮೂರನೆಯವರು. ರೇಸ್ ಕಥೆ ಇಷ್ಟು. ನಮಗೆ ಬೇಕಾದದ್ದು ಟೈರ್.

[ಗ್ರಾಫಿಕ್: ಟೈರ್ ಅಡ್ಡ ಸೀಳಿದ ಚಿತ್ರ. ಟ್ರೆಡ್, ಬೆಲ್ಟ್, ಸೈಡ್‌ವಾಲ್, ಬೀಡ್. ಒಳಬದಿಯ ಸೈಡ್‌ವಾಲ್ ಕೆಂಪು]

ಟೈರ್ ಕೊಟ್ಟ ಕಂಪನಿ ಪಿರೆಲಿ. ಅವರ ತನಿಖೆಯಲ್ಲಿ ಸಿಕ್ಕಿದ್ದು ಇದು: ಎರಡೂ ಟೈರ್‌ಗಳಲ್ಲಿ ಒಳಬದಿಯ ಸೈಡ್‌ವಾಲ್, ಅಂದರೆ ಕಾರಿನ ಹೊಟ್ಟೆಯ ಕಡೆಗಿನದು, ಸುತ್ತಲೂ ಬಳೆಯ ಹಾಗೆ ಹರಿದಿತ್ತು. ತಯಾರಿಕೆಯ ದೋಷ ಇಲ್ಲ. ಪದರ ಬಿಟ್ಟುಕೊಂಡದ್ದೂ ಇಲ್ಲ. ತಂಡಗಳು ನಿಯಮ ಮುರಿದಿರಲೂ ಇಲ್ಲ, ಹೊರಡುವಾಗ ಇರಬೇಕಾದ ಕನಿಷ್ಠ ಗಾಳಿ ಇತ್ತು. ಆದರೆ ಟ್ರ್ಯಾಕ್ ಮೇಲೆ ಓಡುವಾಗಿನ ಗಾಳಿಯ ಒತ್ತಡ ಪಿರೆಲಿ ಲೆಕ್ಕ ಹಾಕಿದ್ದಕ್ಕಿಂತ ಕಮ್ಮಿಯಾಗಿತ್ತು.

ಒಂದೆರಡು ಪಿಎಸ್‌ಐ (ಗೇಜ್ ತೋರಿಸುವ ಗಾಳಿಯ ಒತ್ತಡದ ಅಳತೆ) ಕಮ್ಮಿಯಾದರೆ ಇಷ್ಟು ದೊಡ್ಡ ಅನಾಹುತ ಆಗುತ್ತದಾ? ಲೆಕ್ಕ ಹಾಕುವ.

[ಪರದೆಯ ಮೇಲೆ ಲೆಕ್ಕ ಒಂದೊಂದೇ ಸಾಲಾಗಿ]

ಆ ವರ್ಷದ ಎಫ್1 ಟೈರ್‌ನ ವ್ಯಾಸ 670 ಮಿ.ಮೀ. ಒಂದು ಸುತ್ತಿಗೆ ಸುಮಾರು 2.1 ಮೀಟರ್. 320 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 89 ಮೀಟರ್. ಭಾಗಿಸಿದರೆ ಸೆಕೆಂಡಿಗೆ 42 ಸುತ್ತು. ಸೈಡ್‌ವಾಲ್‌ನ ಒಂದೊಂದು ಬಿಂದುವೂ ಸೆಕೆಂಡಿಗೆ 42 ಸಲ ನೆಲದ ಹತ್ತಿರ ಬಂದಾಗ ಉಬ್ಬಬೇಕು, ಮೇಲೆ ಹೋಗುವಾಗ ಮತ್ತೆ ನೇರ ಆಗಬೇಕು. ಒಂದು ಉಬ್ಬಿಗೂ ಇನ್ನೊಂದಕ್ಕೂ ನಡುವೆ 24 ಮಿಲಿಸೆಕೆಂಡ್ ಮಾತ್ರ. ಮೂವತ್ಮೂರು ಲ್ಯಾಪ್ ಓಡಿದ ಟೈರ್ ಇದನ್ನು 90 ಸಾವಿರಕ್ಕೂ ಹೆಚ್ಚು ಸಲ ಮಾಡಿರುತ್ತದೆ.

ಸೈಡ್‌ವಾಲ್ ಅನ್ನು ಮತ್ತೆ ನೇರ ಮಾಡುವುದು ಯಾರು? ಮುಖ್ಯವಾಗಿ ಒಳಗಿನ ಗಾಳಿ. ಗಾಳಿ ಕಮ್ಮಿ ಇದ್ದರೆ ಎಳೆತ ಕಮ್ಮಿ, ರಬ್ಬರ್ ತಡವಾಗಿ ಮರಳುತ್ತದೆ. ಪೂರ್ತಿ ನೇರ ಆಗುವ ಮೊದಲೇ ಮುಂದಿನ ಸರದಿ ಬಂದುಬಿಡುತ್ತದೆ. ಆಗ ನೆಲ ಬಿಟ್ಟ ಜಾಗದ ಹಿಂದೆ ಟೈರ್ ಮೇಲೆ ಏರಿಳಿತದ ಅಲೆ ಕಾಣಿಸಿಕೊಳ್ಳುತ್ತದೆ. ಪಣಂಬೂರಿನ ಅಲೆ ದಡಕ್ಕೆ ಬಂದು ಹೋಗುತ್ತದೆ. ಇದು ಹಾಗಲ್ಲ, ಟೈರ್ ತಿರುಗುತ್ತಿದ್ದರೂ ಅಲೆ ನಿಂತಲ್ಲೇ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಸ್ಟ್ಯಾಂಡಿಂಗ್ ವೇವ್ ಅನ್ನುತ್ತಾರೆ. ಕಾರಿನ ಶಕ್ತಿಯ ಒಂದು ಪಾಲು ಈ ಅಲೆಯೊಳಗೆ ಸುರಿಯುತ್ತದೆ. ಭಾರ ಹೆಚ್ಚು ಬೀಳುವ ಒಳಬದಿಯ ಸೈಡ್‌ವಾಲ್ ಅದನ್ನು ತಡೆದುಕೊಳ್ಳಬೇಕು. ಬಾಕುವಿನಲ್ಲಿ ತಡೆದುಕೊಳ್ಳಲಿಲ್ಲ.

ಚಾಲಕನಿಗೆ ಮುನ್ಸೂಚನೆ ಯಾಕೆ ಸಿಗಲಿಲ್ಲ? ಮೊಳೆ ಹೊಕ್ಕರೆ ಗಾಳಿ ನಿಧಾನ ಇಳಿಯುತ್ತದೆ, ಸೆನ್ಸರ್ ತೋರಿಸುತ್ತದೆ. ಸೈಡ್‌ವಾಲ್ ಹರಿದರೆ ಕೊನೆಯ ಕ್ಷಣದ ತನಕ ಗಾಳಿ ಸರಿಯಾಗಿಯೇ ಇರುತ್ತದೆ, ಹೋಗುವಾಗ ಒಟ್ಟಿಗೆ ಹೋಗುತ್ತದೆ.

[ದೃಶ್ಯ: ಪೆಟ್ರೋಲ್ ಬಂಕ್, ಗಾಳಿ ಹಾಕುವ ಯಂತ್ರ, ಗೇಜ್‌ನ ಮುಳ್ಳು]

ಹಾಗಾದರೆ ತಂಡಗಳು ಗಾಳಿ ತುಸು ಜಾಸ್ತಿಯೇ ಹಾಕಿಸಬಹುದಿತ್ತಲ್ಲ? ಹಾಕಿಸುವುದಿಲ್ಲ. ಗಾಳಿ ಕಮ್ಮಿಯಾದಷ್ಟೂ ನೆಲಕ್ಕೆ ತಾಗುವ ರಬ್ಬರ್ ಜಾಸ್ತಿ, ಹಿಡಿತ ಜಾಸ್ತಿ. ಅದಕ್ಕೇ ಎಲ್ಲರೂ ಕನಿಷ್ಠದ ಗೆರೆಗೆ ಅಂಟಿಕೊಂಡೇ ಇರುತ್ತಾರೆ. ತಪಾಸಣೆ ನಡೆಯುತ್ತಿದ್ದದ್ದು ಹೊರಡುವ ಮುಂಚೆ, ಬಿಸಿ ಕಂಬಳಿ ಹೊದೆಸಿದ ಟೈರ್ ಮೇಲೆ. ಎಡವಟ್ಟು ಇರುವುದು ಇಲ್ಲಿಯೇ. 60 ಡಿಗ್ರಿಯಲ್ಲಿ 18 ಪಿಎಸ್‌ಐ ಇರುವ ಟೈರ್ 80 ಡಿಗ್ರಿಗೆ ಬಿಸಿಯಾದರೆ 20 ತೋರಿಸುತ್ತದೆ, ಗಾಳಿ ಒಂದು ಗುಟುಕೂ ಹೆಚ್ಚಾಗದೆ. ಅಳೆಯುವಾಗ ಟೈರ್ ಎಷ್ಟು ಬಿಸಿ ಇತ್ತು ಅನ್ನುವುದು ಗೊತ್ತಿಲ್ಲದೆ ಗೇಜ್‌ನ ಅಂಕಿಗೆ ಅರ್ಥವೇ ಇಲ್ಲ.

ಮುಂದಿನ ಫ್ರೆಂಚ್ ಗ್ರ್ಯಾಂಡ್ ಪ್ರಿಯಿಂದ ಟೈರ್ ತಪಾಸಣೆ ಬಿಗಿಯಾಯಿತು. ಅದೇ ವರ್ಷದ ಬ್ರಿಟಿಷ್ ಗ್ರ್ಯಾಂಡ್ ಪ್ರಿಗೆ ಪಿರೆಲಿ ಇನ್ನೂ ಗಟ್ಟಿ ಕಟ್ಟಿನ ಹಿಂದಿನ ಟೈರ್ ತಂದಿತು. ತಯಾರಿಕೆಯಲ್ಲಿ ದೋಷ ಇರಲಿಲ್ಲ ಅಂದವರು ಟೈರ್ ಬದಲಿಸಿದ್ದು ಯಾಕೆ ಅಂತ ಕೇಳಬಹುದು. ಎರಡೂ ಒಟ್ಟಿಗೆ ನಿಜ ಇರಬಹುದು. ಚೆನ್ನಾಗಿ ಮಾಡಿದ ಏಣಿಯೂ ಲೆಕ್ಕಕ್ಕಿಂತ ಭಾರ ಬಿದ್ದರೆ ಮುರಿಯುತ್ತದೆ. ಮುಂದಿನ ಏಣಿಗೆ ದಪ್ಪ ಮರ ಬೇಕು.

[ಗ್ರಾಫಿಕ್: ಇಂಡಿಯಾನಾಪೊಲಿಸ್, 13ನೇ ತಿರುವು ಕೆಂಪು]

ಟೈರ್‌ನಿಂದ ರೇಸೇ ಹಾಳಾದದ್ದು ಇನ್ನೊಮ್ಮೆ ಉಂಟು. ಅದರಲ್ಲಿ ನಮ್ಮವರೊಬ್ಬರು ಇದ್ದರು. 2005ರ ಜೂನ್, ಅಮೆರಿಕದ ಇಂಡಿಯಾನಾಪೊಲಿಸ್. ಅಲ್ಲಿನ 13ನೇ ತಿರುವು ಒಂದು ಬದಿಗೆ ವಾಲಿಕೊಂಡ ರಸ್ತೆ, ಸುಮಾರು 9 ಡಿಗ್ರಿ. ವಾಲಿದ ತಿರುವಿನಲ್ಲಿ ವೇಗ ಕಾರನ್ನು ರಸ್ತೆಯೊಳಕ್ಕೆ ಒತ್ತುತ್ತದೆ, ಹೊರಬದಿಯ ಎಡ ಹಿಂದಿನ ಟೈರ್‌ಗೆ ಎಲ್ಲಕ್ಕಿಂತ ಹೆಚ್ಚು ಹೊಡೆತ. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶುಮಾಕರ್ ಅವರ ಟೊಯೋಟಾದ ಮಿಶೆಲಿನ್ ಟೈರ್ ಕೈಕೊಟ್ಟು ಕಾರು ಅದೇ ತಿರುವಿನ ಗೋಡೆಗೆ ಬಡಿಯಿತು. ಆ ತಿರುವಿನಲ್ಲಿ ವೇಗ ತಗ್ಗಿಸದಿದ್ದರೆ ನಮ್ಮ ಟೈರ್‌ಗೆ 10 ಲ್ಯಾಪ್‌ಗಿಂತ ಹೆಚ್ಚು ಖಾತರಿ ಕೊಡಲಾರೆವು ಎಂದು ಮಿಶೆಲಿನ್ ಹೇಳಿಬಿಟ್ಟಿತು. ಆ ವರ್ಷ ರೇಸ್ ಮಧ್ಯೆ ಟೈರ್ ಬದಲಿಸುವ ಹಾಗೂ ಇರಲಿಲ್ಲ.

ತಿರುವಿಗೆ ಅಡ್ಡ ಶಿಕೇನ್, ಅಂದರೆ ವೇಗ ತಗ್ಗಿಸುವ ಸೊಟ್ಟ ದಾರಿ, ಹಾಕಿ ಎಂಬ ಬೇಡಿಕೆಗೆ ರೇಸ್ ನಿಯಮ ಮಾಡುವ ಸಂಸ್ಥೆ ಎಫ್‌ಐಎ ಒಪ್ಪಲಿಲ್ಲ. ರೇಸ್ ಶುರುವಿಗೆ ಮುಂಚಿನ ಫಾರ್ಮೇಶನ್ ಲ್ಯಾಪ್ ಮುಗಿಸಿದ, ಮಿಶೆಲಿನ್ ಟೈರ್‌ನ 14 ಕಾರುಗಳು ಸಾಲಾಗಿ ಪಿಟ್‌ಗೆ ಹೋದವು. ಉಳಿದದ್ದು ಬ್ರಿಡ್ಜ್‌ಸ್ಟೋನ್ ಟೈರ್‌ನ 6. ಮೈಕೆಲ್ ಶುಮಾಕರ್ ಗೆದ್ದರು. ಜೋರ್ಡಾನ್ ಕಾರಿನಲ್ಲಿದ್ದ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 4ನೆಯವರಾಗಿ 5 ಅಂಕ ಪಡೆದರು. ಆರೇ ಕಾರಿನ ರೇಸ್ ಎಂದು ಕೆಲವರು ನಗುತ್ತಾರೆ. ನಗಲಿ, ಭಾರತದ ಚಾಲಕರೊಬ್ಬರು ಫಾರ್ಮುಲಾ 1ರಲ್ಲಿ ಮೊದಲ ಸಲ ಅಂಕ ಪಡೆದದ್ದು ಅದೇ.

ಇನ್ನೆರಡು ಬೇಗ ಹೇಳಿಬಿಡುವ. 2013ರ ಸಿಲ್ವರ್‌ಸ್ಟೋನ್‌ನಲ್ಲಿ ಒಂದೇ ರೇಸ್‌ನಲ್ಲಿ ಹಲವರ ಟೈರ್ ಸಿಡಿಯಿತು. ಎಡದ ಟೈರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದು, ಗಾಳಿ ಕಮ್ಮಿ ಇಟ್ಟದ್ದು, ಚಕ್ರವನ್ನು ವಿಪರೀತ ವಾಲಿಸಿದ್ದು, ಟ್ರ್ಯಾಕ್ ಅಂಚಿನ ಎತ್ತರದ ಕರ್ಬ್, ಎಲ್ಲವೂ ಸೇರಿದ್ದು ಕಾರಣ ಎಂದಿತು ಪಿರೆಲಿ. ಅದೇ ಸಿಲ್ವರ್‌ಸ್ಟೋನ್‌ನಲ್ಲಿ 2020ರಲ್ಲಿ ಹ್ಯಾಮಿಲ್ಟನ್ ಮೂರು ಚಕ್ರದಲ್ಲಿ ಕುಂಟುತ್ತಾ ಗೆದ್ದದ್ದು ಬೇರೆ ಕಥೆ. ಅಲ್ಲಿ ಒಂದೇ ಸೆಟ್‌ನಲ್ಲಿ ಸುಮಾರು 40 ಲ್ಯಾಪ್ ಓಡಿ ಟೈರ್ ಸವೆದೇ ಹೋಗಿತ್ತು.

[ದೃಶ್ಯ: ಮತ್ತೆ ಟೈರ್ ಅಂಗಡಿ. ಕಾರಿನ ಚಾಲಕನ ಬಾಗಿಲು ತೆರೆದು, ಕಂಬದ ಮೇಲಿನ ಸ್ಟಿಕ್ಕರ್]

ಈಗ ನಮ್ಮ ಕಾರು. 165/80 ಆರ್ 14 ಸೈಜಿನ ಟೈರ್ ಒಂದು ಸುತ್ತಿಗೆ 1.95 ಮೀಟರ್ ಹೋಗುತ್ತದೆ. ಮಂಗಳೂರಿನಿಂದ ಉಡುಪಿಗೆ 55 ಕಿ.ಮೀ. ಅಂತ ಇಟ್ಟುಕೊಂಡರೆ ನಿಮ್ಮ ಸೈಡ್‌ವಾಲ್ 28 ಸಾವಿರ ಸಲ ಮಡಚುತ್ತದೆ. ವೇಗ ಕಮ್ಮಿ, ಆದ್ದರಿಂದ ಅಲೆಯ ಭಯ ಇಲ್ಲ. ಇಲ್ಲಿ ಕೊಲ್ಲುವುದು ಬಿಸಿ. ಗಾಳಿ ಕಮ್ಮಿ, ಒಳಗೆ ಐದು ಜನ, ಡಿಕ್ಕಿ ತುಂಬ ಲಗೇಜ್, ಏಪ್ರಿಲ್ ಬಿಸಿಲು, ಹೆದ್ದಾರಿಯಲ್ಲಿ 100. ಈ ಐದೂ ಸೇರಿದರೆ ಸಾಕು.

ಗಾಳಿ ಎಷ್ಟು ಅನ್ನುವುದು ಬಂಕ್ ಹುಡುಗನಿಗೆ ಗೊತ್ತಿರಬೇಕಾಗಿಲ್ಲ, ಈ ಸ್ಟಿಕ್ಕರ್‌ನಲ್ಲಿ ಉಂಟು. ಅನೇಕ ಕಾರುಗಳಲ್ಲಿ ಎರಡು ಅಂಕಿ ಇರುತ್ತದೆ, ಇಬ್ಬರು ಮೂವರು ಕೂತಾಗ ಒಂದು, ಪೂರ್ತಿ ಭಾರಕ್ಕೆ ಇನ್ನೊಂದು. ಧರ್ಮಸ್ಥಳಕ್ಕೆ ಮನೆಮಂದಿಯೆಲ್ಲ ಹೊರಟಾಗ ಎರಡನೆಯದು ನೋಡಿ. ಟೈರ್ ಮೇಲೇ ಬರೆದಿರುವ ಮ್ಯಾಕ್ಸ್ ಅಂಕಿ ಅದು ತಡೆಯುವ ಮಿತಿ, ಅಷ್ಟು ತುಂಬಿಸಲಿಕ್ಕೆ ಹೇಳಿದ್ದಲ್ಲ.

ಅಳೆಯುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಬಾಕು ಲೆಕ್ಕ ಇಲ್ಲಿಯೂ ಅದೇ. 28 ಡಿಗ್ರಿಯಲ್ಲಿ 32 ಇದ್ದ ಟೈರ್ 50 ಡಿಗ್ರಿಗೆ ಬಿಸಿಯಾದರೆ ಸುಮಾರು 35 ತೋರಿಸುತ್ತದೆ. ಇಲ್ಲಿಯೇ ಹೆಚ್ಚಿನವರು ತಪ್ಪುವುದು. ಉಡುಪಿ ತಲುಪಿ ಬಂಕ್‌ನಲ್ಲಿ ನೋಡುತ್ತಾರೆ, 35 ಕಾಣುತ್ತದೆ, ಜಾಸ್ತಿಯಾಯಿತು ಅಂತ 32ಕ್ಕೆ ಇಳಿಸುತ್ತಾರೆ. ಮರುದಿನ ಬೆಳಿಗ್ಗೆ ಆ ಟೈರ್‌ನಲ್ಲಿರುವುದು 29. ಬಿಸಿ ಟೈರ್‌ನಿಂದ ಗಾಳಿ ಬಿಡಬೇಡಿ.

[ದೃಶ್ಯ: ಕಂಪ್ರೆಸರ್ ಟ್ಯಾಂಕಿನ ತಳದ ನಲ್ಲಿ ತಿರುಗಿಸಿದಾಗ ಬರುವ ನೀರು]

ಕರಾವಳಿಯದ್ದೇ ಒಂದು ಉಪದ್ರ ಇದು. ಮಳೆಗಾಲದ ಗಾಳಿಯನ್ನು ಒತ್ತಿದರೆ ನೀರು ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ದಿನಾ ತೆಗೆಯದಿದ್ದರೆ ಪೈಪಿನಲ್ಲಿ ಟೈರ್‌ಗೂ ಹೋಗುತ್ತದೆ. ಒಳಗೆ ನೀರು ಉಳಿದ ಟೈರ್ 60 ಡಿಗ್ರಿಗೆ ಬಿಸಿಯಾದರೆ ಆ ಆವಿಯೇ ಎರಡು ಪಿಎಸ್‌ಐಗಿಂತ ಹೆಚ್ಚು ಸೇರಿಸುತ್ತದೆ. ನೈಟ್ರೋಜನ್ ಹಾಕಿಸಿದರೆ ಸಿಗುವ ಲಾಭದಲ್ಲಿ ದೊಡ್ಡದು ಅದು ಒಣಗಿರುವುದು. ನಾವು ಉಸಿರಾಡುವ ಗಾಳಿಯೂ 78 ಭಾಗ ನೈಟ್ರೋಜನ್ನೇ, ಅದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ.

ವಾರಕ್ಕೆ ಮೂರ್ನಾಲ್ಕು ಪಿಎಸ್‌ಐ ಇಳಿಯುತ್ತದೆ, ಮೊಳೆ ಕಾಣುವುದಿಲ್ಲ ಅಂದರೆ ರಿಮ್ ಅಂಚಿಗೆ ಸೋಪಿನ ನೀರು ಹಾಕಿ ನೋಡಿ. ಉಪ್ಪುಗಾಳಿಗೆ ಅಲಾಯ್ ರಿಮ್‌ನ ಅಂಚಿನಲ್ಲಿ ಬಿಳಿ ಹುಡಿ, ಕಬ್ಬಿಣದ ರಿಮ್‌ನಲ್ಲಿ ತುಕ್ಕು ಕೂತು ಬೀಡ್ (ರಿಮ್‌ಗೆ ಕೂರುವ ಟೈರ್‌ನ ಅಂಚು) ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಟೈರ್ ಬಿಚ್ಚಿಸಿ, ಅಂಚು ಉಜ್ಜಿಸಿ, ಮತ್ತೆ ಹಾಕಿಸಬೇಕು.

[ಕ್ಲೋಸಪ್: ಪೂರ್ತಿ ತಿರುಗಿಸಿದ ಸ್ಟೀರಿಂಗ್, ಮುಂದಿನ ಟೈರ್‌ನ ಒಳಬದಿ, ಟಾರ್ಚ್ ಬೆಳಕು]

ಬಾಕುವಿನಲ್ಲಿ ಹರಿದದ್ದು ಒಳಬದಿ ಅಂದೆವಲ್ಲ, ನಾವು ಯಾವತ್ತೂ ನೋಡದ ಬದಿಯೂ ಅದೇ. ಮುಂದಿನ ಚಕ್ರಕ್ಕೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಟಾರ್ಚ್ ಹಿಡಿದರೆ ಕಾಣುತ್ತದೆ. ಹಿಂದಿನದಕ್ಕೆ ಸರ್ವೀಸ್‌ನಲ್ಲಿ ಕಾರು ಲಿಫ್ಟ್ ಮೇಲಿರುವಾಗ ಕೇಳಿ ನೋಡಿ. ಮೊಟ್ಟೆಯ ಹಾಗೆ ಉಬ್ಬು ಕಂಡರೆ ಒಳಗಿನ ನೂಲು ತುಂಡಾಗಿದೆ, ಆ ಟೈರ್ ಮುಗಿಯಿತು. ಸೈಡ್‌ವಾಲ್‌ನಲ್ಲಿ ಪಂಕ್ಚರ್ ಆದರೆ ಸ್ಟ್ರಿಪ್ ಹಾಕಿಸಬೇಡಿ. ಸ್ಟ್ರಿಪ್ ಇರುವುದು ಟ್ರೆಡ್‌ಗೆ, ನೆಲಕ್ಕೆ ತಾಗುವ ಭಾಗಕ್ಕೆ. ದಿನಾ ಮಡಚುವ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ಟೈರ್‌ನ ವಯಸ್ಸು ಸೈಡ್‌ವಾಲ್ ಮೇಲಿನ ಡಾಟ್ (DOT) ಬರಹದ ಕೊನೆಯ ನಾಲ್ಕು ಅಂಕಿಯಲ್ಲಿ. 2221 ಅಂದರೆ 2021ರ 22ನೇ ವಾರ, ಬಾಕು ರೇಸ್ ನಡೆದ ಹೊತ್ತಿನದು.

ಇಷ್ಟಾದರೂ ಹೆದ್ದಾರಿಯಲ್ಲಿ ಒಡೆದರೆ? ಮುಂದಿನದು ಒಡೆದರೆ ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆ, ಹಿಂದಿನದು ಒಡೆದರೆ ಕಾರಿನ ಹಿಂಭಾಗ ತೂಗಾಡುತ್ತದೆ. ಎರಡಕ್ಕೂ ಬ್ರೇಕ್ ಗಟ್ಟಿ ಒತ್ತಬಾರದು. ಸ್ಟೀರಿಂಗ್ ನೇರಕ್ಕೆ ಬಿಗಿಯಾಗಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ನಿಧಾನ ತೆಗೆಯಿರಿ. ವೇಗ 40ರ ಕೆಳಗೆ ಇಳಿದ ಮೇಲೆ ಬ್ರೇಕ್ ಮೆಲ್ಲ ಒತ್ತಿ ಎಡಕ್ಕೆ ತನ್ನಿ. ನಿಂತ ಮೇಲೆ ಜಾಕ್ ತೆಗೆಯುವ ಮೊದಲು ಜನರನ್ನು ಇಳಿಸಿ ರಸ್ತೆಯಿಂದ ಆಚೆ ಕಳಿಸಿ.

[ದೃಶ್ಯ: ಡಿಕ್ಕಿ ತೆರೆದು, ಸ್ಟೆಪ್ನಿಗೆ ಗೇಜ್ ಒತ್ತುವ ಕೈ. ಮುಳ್ಳು 14ರಲ್ಲಿ ನಿಲ್ಲುತ್ತದೆ.]

ಹಾಂ, ಕೊನೆಗೆ ಸ್ಟೆಪ್ನಿಯ ಗಾಳಿಯನ್ನೂ ಒಮ್ಮೆ ನೋಡಿ.