ಪಿಕಪ್ ಬಾಡಿಯ ತುಕ್ಕು: ದುರಸ್ತಿ ತಗಡಿನ ಒಳಮೈಯಿಂದ ಆರಂಭವಾಗಬೇಕು

[ದೃಶ್ಯ: ಬಾಗಿಲಿನ ಕೆಳ ಅಂಚಿನಲ್ಲಿ ಗುಳ್ಳೆ ಎದ್ದ ಬಣ್ಣ, ಹತ್ತಿರದಿಂದ]

ಎಲ್ಲರಿಗೂ ನಮಸ್ಕಾರ. ಹಳೆಯ ಪಿಕಪ್‌ನ ಬಾಗಿಲಿನ ಕೆಳ ಅಂಚಿನಲ್ಲೋ ಚಕ್ರದ ಮೇಲಿನ ಕಮಾನಿನಲ್ಲೋ ಬಣ್ಣ ಗುಳ್ಳೆ ಎದ್ದಿರುವುದನ್ನು ಕಂಡಾಗ, ತುಕ್ಕು ಈಗಷ್ಟೇ ಹಿಡಿಯತೊಡಗಿದೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಇಂಥ ಜಾಗಗಳಲ್ಲಿ ತುಕ್ಕು ಬಹುಮಟ್ಟಿಗೆ ಒಳಮೈಯಿಂದ ತಗಡನ್ನು ತಿನ್ನುತ್ತಾ ಬಂದಿರುತ್ತದೆ, ಹೊರಗೆ ಕಾಣುವುದು ಅದರ ಕೊನೆಯ ಹಂತ. ಕಬ್ಬಿಣವು ತುಕ್ಕಾಗಿ ಬದಲಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಹಾಗೆ ಹಿಗ್ಗಿದ ಪದರವೇ ಬಣ್ಣವನ್ನು ಎಬ್ಬಿಸುತ್ತದೆ. ಒಳಗೆ ತೇವ ಹಾಗೆಯೇ ಉಳಿದಿರುವಾಗ ಹೊರಗೆ ಮಾತ್ರ ಉಜ್ಜಿ, ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಅದೇ ಜಾಗದಲ್ಲಿ ಗುಳ್ಳೆ ಮತ್ತೆ ಏಳುತ್ತದೆ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ, ನೀರು ಎಲ್ಲಿ ನಿಲ್ಲುತ್ತಿದೆ ಎಂಬುದು. ಬಾಗಿಲಿನ ಗಾಜಿನ ರಬ್ಬರ್ ದಾಟಿ ಒಳಗಿಳಿಯುವ ಮಳೆನೀರು ಕೆಳ ಅಂಚಿನ ಸಣ್ಣ ರಂಧ್ರಗಳಿಂದ ಹೊರಗೆ ಹೋಗುವಂತೆ ವಾಹನವನ್ನು ರೂಪಿಸಿರುತ್ತಾರೆ. ಆ ರಂಧ್ರಗಳು ಮಣ್ಣಿನಿಂದ ಕಟ್ಟಿಕೊಂಡರೆ ಬಾಗಿಲೇ ತೊಟ್ಟಿಯಾಗುತ್ತದೆ. ಚಕ್ರದ ಕಮಾನಿನಲ್ಲಿ ಒಳ ತಗಡು ಮತ್ತು ಹೊರ ತಗಡು ಕೂಡುವ ಮಡಿಕೆಯಲ್ಲಿ ಕೆಸರು ಸೇರಿ ದಿನಗಟ್ಟಲೆ ತೇವ ಹಿಡಿದಿಡುತ್ತದೆ. ಕ್ಯಾಬಿನ್ನಿನ ಹಿಂಬದಿಯ ಕೆಳ ಮೂಲೆಗಳು, ಬಾಗಿಲಿನ ಕೆಳಗಿನ ಪಟ್ಟಿ, ಟೇಲ್‌ಗೇಟಿನ (ಹಿಂಬದಿಯಲ್ಲಿ ಸರಕಿಗಾಗಿ ತೆರೆಯುವ ಬಾಗಿಲಿನ) ಕೆಳ ಮಡಿಕೆ, ಇವೆಲ್ಲವೂ ಇದೇ ಬಗೆಯ ಜಾಗಗಳು. ಕಬ್ಬಿಣ ತುಕ್ಕು ಹಿಡಿಯುವಾಗ ತೇವದ ಮೂಲಕ ಸಣ್ಣ ಪ್ರಮಾಣದ ವಿದ್ಯುತ್ ಹರಿಯುತ್ತದೆ. ಉಪ್ಪಿನ ಅಂಶವಿರುವ ನೀರು ಅದನ್ನು ಸುಲಭವಾಗಿ ಹರಿಯಬಿಡುವುದರಿಂದ ಕಡಲತೀರದಲ್ಲಿ ಅಥವಾ ಹಿಮ ಕರಗಿಸಲು ಉಪ್ಪು ಚೆಲ್ಲುವ ರಸ್ತೆಗಳಲ್ಲಿ ಓಡಿದ ಗಾಡಿಗಳಿಗೆ ತುಕ್ಕು ಬೇಗ ಹಿಡಿಯುತ್ತದೆ.

[ದೃಶ್ಯ: ಗಾಡಿಯ ಅಡಿಭಾಗ, ಸ್ಕ್ರೂಡ್ರೈವರಿನಿಂದ ಚಾಸಿಯನ್ನು ಕುಟ್ಟಿ ನೋಡುವುದು]

ಬಾಡಿಯ ಕೆಲಸಕ್ಕೆ ಕೈ ಹಾಕುವ ಮುನ್ನ ಗಾಡಿಯ ಕೆಳಗೆ ಹೋಗಿ ಚಾಸಿಯನ್ನು, ಅಂದರೆ ಅಡಿಯ ಉಕ್ಕಿನ ಚೌಕಟ್ಟನ್ನು, ಪರೀಕ್ಷಿಸಿ. ಹೆಚ್ಚಿನ ಪಿಕಪ್‌ಗಳಲ್ಲಿ ಭಾರವನ್ನು ಹೊರುವುದು ಚಾಸಿ. ಅದರಲ್ಲಿ ತೂತು ಬಿದ್ದಿದ್ದರೆ ಅಥವಾ ಕ್ಯಾಬಿನ್ ಕೂರುವ ಆಧಾರಗಳು ಕರಗಿದ್ದರೆ, ನುರಿತ ವೆಲ್ಡರ್ ಅದನ್ನು ನೋಡುವವರೆಗೆ ಹೊರ ತಗಡಿನ ಮೇಲೆ ಹಣ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಾಸಿ ಗಟ್ಟಿಯಾಗಿದ್ದರೆ ಪ್ಯಾನಲ್‌ಗಳತ್ತ, ಅಂದರೆ ಬಾಡಿಯ ತಗಡುಗಳತ್ತ, ಬನ್ನಿ. ತೆಳುವಾದ ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಮೇಲ್ಮೈಯಲ್ಲಿ ಸರಿಸುತ್ತಾ ಹೋದರೆ, ಅದು ಹಿಡಿಯದೆ ಜಾರುವ ಕಡೆ ಹಿಂದೆ ಯಾರೋ ದಪ್ಪಗೆ ಪುಟ್ಟಿ ತುಂಬಿದ್ದಾರೆ ಎಂದು ತಿಳಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿದಾಗ ಗಟ್ಟಿ ತಗಡು ಖಣಿಲೆನ್ನುತ್ತದೆ, ಕೊಳೆತದ್ದು ಮಂದವಾಗಿ ಸದ್ದು ಮಾಡುತ್ತದೆ.

ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ಕೆಲಸ ಸರಳ. ತಂತಿ ಬ್ರಷ್ ಮತ್ತು 80 ನಂಬರಿನ ಎಮರಿ ಪೇಪರಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಗ್ರೀಸ್ ಒರೆಸಿ, ಎಪಾಕ್ಸಿ ಪ್ರೈಮರ್ (ಲೋಹಕ್ಕೆ ತೇವ ತಾಗದಂತೆ ತಡೆಯುವ ತಳಬಣ್ಣ) ಹೊಡೆಯಬೇಕು. ಸಣ್ಣ ಗುಂಡಿಗಳಲ್ಲಿ ಉಳಿದ ಕಲೆಗೆ ರಸ್ಟ್ ಕನ್ವರ್ಟರ್ ಬಳಸಬಹುದು. ಅದರಲ್ಲಿರುವ ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲವು ತುಕ್ಕನ್ನು ಸ್ಥಿರವಾದ ಸಂಯುಕ್ತವಾಗಿ ಬದಲಿಸುತ್ತದೆ, ಆದರೆ ಪದರಪದರವಾಗಿ ಎದ್ದ ದಪ್ಪ ತುಕ್ಕಿನ ತಳಕ್ಕೆ ಅದು ಇಳಿಯುವುದಿಲ್ಲ.

[ದೃಶ್ಯ: ಗ್ರೈಂಡರಿನಿಂದ ಕಮಾನಿನ ತಗಡು ಕತ್ತರಿಸುವುದು]

ತೂತು ಬಿದ್ದ ತಗಡಿಗೆ ಮಾತ್ರ ಒಂದೇ ದಾರಿ: ಕತ್ತರಿಸಿ ತೆಗೆದು ಹೊಸ ತಗಡು ಕೂರಿಸುವುದು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಒಳಗಿನ ಕಾರ್ಪೆಟ್, ವೈರಿಂಗ್, ರಬ್ಬರ್‌ಗಳನ್ನು ತೆಗೆಯಿರಿ. ಇಂಧನ ಟ್ಯಾಂಕ್ ಮತ್ತು ಪೈಪುಗಳು ಎಲ್ಲಿವೆಯೆಂದು ನೋಡಿ, ಹತ್ತಿರವಿದ್ದರೆ ಅವನ್ನೂ ಕಳಚಿಡಿ. ಬೆಂಕಿ ನಂದಿಸುವ ಸಾಧನ ಕೈಗೆ ಸಿಗುವಂತಿರಲಿ. ಸತುವಿನ ಲೇಪವಿರುವ ತಗಡನ್ನು ಬೆಸೆಯುವಾಗ ಏಳುವ ಬಿಳಿ ಹೊಗೆ ಜ್ವರ ತರಿಸುತ್ತದೆ. ಬೆಸೆಯುವ ಅಂಚಿನಿಂದ ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವ ಜಾಗದಲ್ಲಿ ಸರಿಯಾದ ಮುಖಗವಸು ಧರಿಸಿಯೇ ಕೆಲಸ ಮಾಡಿ.

ಎಷ್ಟು ತಗಡು ಕತ್ತರಿಸಿ ತೆಗೆಯಬೇಕು ಎಂಬುದರಲ್ಲಿ ಜಿಪುಣತನ ಬೇಡ. ತುಕ್ಕಿನ ಗುರುತು ಮುಗಿದ ಮೇಲೂ ಒಂದಿಷ್ಟು ಮುಂದೆ ಹೋಗಿ ಪೂರ್ಣ ದಪ್ಪದ ತಗಡು ಸಿಗುವಲ್ಲಿ ನಿಲ್ಲಿಸಿ, ಏಕೆಂದರೆ ತೆಳುವಾದ ಅಂಚಿಗೆ ವೆಲ್ಡಿಂಗ್ ಶಾಖ ತಗುಲಿದೊಡನೆ ಅದು ಕರಗಿ ತೂತು ದೊಡ್ಡದಾಗುತ್ತದೆ. ಹೊರ ತಗಡು ತೆಗೆದಾಗ ಒಳ ತಗಡು ಕಣ್ಣಿಗೆ ಬೀಳುತ್ತದೆ, ಮತ್ತು ಇಡೀ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಅಲ್ಲಿನ ಕೆಸರನ್ನು ಕೆರೆದು, ಕೊಳೆತ ಭಾಗವನ್ನು ಮೊದಲು ಬದಲಿಸಿ, ಮುಚ್ಚಿಹೋಗಲಿರುವ ಜಾಗಕ್ಕೆಲ್ಲ ಈಗಲೇ ಪ್ರೈಮರ್ ಹೊಡೆಯಿರಿ. ಬೆಸುಗೆ ಬೀಳುವ ಅಂಚುಗಳಿಗೆ ವೆಲ್ಡಿಂಗ್ ಮಾಡಲೆಂದೇ ತಯಾರಾದ ಸತುವಿನ ಪ್ರೈಮರ್ ಸಾಕು.

ತೇಪೆಯ ಆಕಾರವನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ನೋಡಿ, ಬಳಿಕ ಮೂಲ ತಗಡಿನಷ್ಟೇ ದಪ್ಪದ, ಅಂದರೆ ಸಾಮಾನ್ಯವಾಗಿ 0.8ರಿಂದ 1 ಮಿಲಿಮೀಟರಿನ ಉಕ್ಕಿನ ತಗಡಿಗೆ ಇಳಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಹಳೆಯ ತಗಡಿನ ಮೇಲೆ ಹೊಸದನ್ನು ಹೊದಿಸಿ ಬೆಸೆಯುವುದು ಸುಲಭವೇನೋ ಹೌದು. ಆದರೆ ಆ ಎರಡು ಪದರಗಳ ನಡುವಿನ ಸಂದಿಯೇ ನೀರಿಗೆ ಹೊಸ ಮನೆಯಾಗುವುದರಿಂದ, ಸಾಧ್ಯವಿರುವಲ್ಲೆಲ್ಲ ಅಂಚಿಗೆ ಅಂಚು ಕೂಡಿಸಿ ಬೆಸೆಯುವುದನ್ನೇ ನಾನು ಒತ್ತಾಯಿಸುತ್ತೇನೆ. ಮಿಗ್ ಯಂತ್ರಕ್ಕೆ (ತಂತಿಯನ್ನು ತಾನೇ ಮುಂದೂಡುತ್ತಾ, ರಕ್ಷಕ ಅನಿಲದ ನಡುವೆ ಬೆಸೆಯುವ ವೆಲ್ಡಿಂಗ್ ಯಂತ್ರಕ್ಕೆ) 0.6 ಮಿಲಿಮೀಟರಿನ ತಂತಿಯೂ ಶೇ. 75 ಆರ್ಗಾನ್, ಶೇ. 25 ಇಂಗಾಲದ ಡೈ ಆಕ್ಸೈಡ್ ಮಿಶ್ರಣವೂ ತೆಳು ತಗಡಿಗೆ ಹೊಂದುತ್ತವೆ. ಎಂದಿಗೂ ಬೆಸುಗೆಯ ಉದ್ದನೆಯ ಗೆರೆ ಎಳೆಯಬೇಡಿ. ಸುಮಾರು 25 ಮಿಲಿಮೀಟರಿಗೆ ಒಂದರಂತೆ ಬೆಸುಗೆಯ ಚುಕ್ಕೆ ಹಾಕಿ, ಒಂದು ತುದಿಯಿಂದ ಇನ್ನೊಂದಕ್ಕೆ, ಅಲ್ಲಿಂದ ನಡುವಿಗೆ ಹಾರುತ್ತಾ, ಮುಟ್ಟಿದರೆ ಕೈ ಸುಡದಷ್ಟು ತಣ್ಣಗಾದ ಮೇಲೆ ನಡುವಿನ ಸಂದಿಗಳನ್ನು ತುಂಬುತ್ತಾ ಹೋಗಬೇಕು. ಬೆಸುಗೆ ತಣಿಯುವಾಗ ಕುಗ್ಗಿ ಸುತ್ತಲಿನ ತಗಡನ್ನು ಎಳೆದು ಸೊಟ್ಟಗೆ ಮಾಡುತ್ತದೆ. ಹಿಂದೆ ಉಕ್ಕಿನ ದಿಮ್ಮಿ ಒತ್ತಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೆ ಆ ಬಿಗಿತ ಸಡಿಲಗೊಳ್ಳುತ್ತದೆ. ಗ್ರೈಂಡ್ ಮಾಡುವಾಗಲೂ ತಗಡು ನೀಲಿಯಾಗುವಷ್ಟು ಕಾಯಿಸಬಾರದು.

[ದೃಶ್ಯ: ಪ್ರೈಮರ್ ಹೊಡೆದ ಪ್ಯಾನಲಿಗೆ ಪುಟ್ಟಿ ಎಳೆಯುವುದು]

ಪುಟ್ಟಿಯನ್ನು ದೂರುವವರಿದ್ದಾರೆ, ಆದರೆ ತಪ್ಪು ಪುಟ್ಟಿಯದಲ್ಲ, ತೂತಿಗೆ ಅದನ್ನು ಮುಚ್ಚಳವಾಗಿಸುವುದೇ ತಪ್ಪು. ಪಾಲಿಯೆಸ್ಟರ್ ಪುಟ್ಟಿ ತೇವ ಹೀರುವ ವಸ್ತುವಾದ್ದರಿಂದ ಬೆಸುಗೆಯ ಮೇಲೆ ಮೊದಲು ಎಪಾಕ್ಸಿ ಪ್ರೈಮರ್, ಅದರ ಮೇಲೆ 3 ಮಿಲಿಮೀಟರ್ ಮೀರದಂತೆ ಪುಟ್ಟಿ, ಮತ್ತೆ ಪ್ರೈಮರ್ ಎಂಬ ಕ್ರಮ ಇರಲಿ. 80, 180, 320 ಹೀಗೆ ನಯವಾದ ಎಮರಿಗೆ ಏರುತ್ತಾ ಉಜ್ಜಿ ಬಣ್ಣಕ್ಕೆ ಸಿದ್ಧಪಡಿಸಿ. ಸಾಮಾನ್ಯ ಸರ್ಫೇಸರ್ ಪ್ರೈಮರಿನಲ್ಲಿ (ಮೇಲ್ಮೈಯನ್ನು ನಯಗೊಳಿಸುವ ತಳಬಣ್ಣದಲ್ಲಿ) ಸೂಕ್ಷ್ಮ ರಂಧ್ರಗಳಿರುವುದರಿಂದ ಪ್ರೈಮರ್ ಹೊಡೆದ ಗಾಡಿಯನ್ನು ತಿಂಗಳುಗಟ್ಟಲೆ ಮಳೆಯಲ್ಲಿ ನಿಲ್ಲಿಸುವುದು ಮಾಡಿದ ಕೆಲಸವನ್ನೆಲ್ಲ ವ್ಯರ್ಥ ಮಾಡಿದಂತೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಬಣ್ಣಗಳ ಗಟ್ಟಿಕಾರಕದಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಎಂಬ, ಶ್ವಾಸಕೋಶಕ್ಕೆ ಹಾನಿಕರವಾದ ರಾಸಾಯನಿಕ ಇರುತ್ತದೆ. ಅದಕ್ಕೆ ಧೂಳಿನ ಮಾಸ್ಕ್ ಸಾಲದು, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಬೇಕು.

ಬಣ್ಣ ಒಣಗಿದ ಮೇಲೆಯೇ ಒಳಗಿನ ಪೊಳ್ಳುಗಳಿಗೆ ಕ್ಯಾವಿಟಿ ವ್ಯಾಕ್ಸ್, ಅಂದರೆ ತೇವ ತಾಗದಂತೆ ತಡೆಯುವ ಮೇಣ, ಸಿಂಪಡಿಸಬೇಕು. ಮೊದಲೇ ಸಿಂಪಡಿಸಿದರೆ ವೆಲ್ಡಿಂಗ್ ಶಾಖಕ್ಕೆ ಅದು ಹೊತ್ತಿಕೊಳ್ಳುತ್ತದೆ, ಅದರ ಅಂಶ ಹೊರಮೈಗೆ ತಾಗಿದರೆ ಬಣ್ಣ ಹಿಡಿಯುವುದಿಲ್ಲ. ಉದ್ದನೆಯ ಬಳುಕುವ ನಳಿಕೆಯನ್ನು ತುದಿಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತಾ ಸಿಂಪಡಿಸಿದರೆ ವ್ಯಾಕ್ಸ್ ಬೆಸುಗೆಯ ಹಿಂಬದಿಗೂ ಮಡಿಕೆಗಳಿಗೂ ಇಳಿಯುತ್ತದೆ. ಬಳಿಕ ನೀರು ಹೋಗುವ ರಂಧ್ರಗಳಲ್ಲಿ ಒಂದೊಂದಕ್ಕೂ ತೆಳುವಾದ ತಂತಿ ಹಾಕಿ, ವ್ಯಾಕ್ಸಾಗಲಿ ಸಂದಿ ಮುಚ್ಚುವ ಸೀಲರಾಗಲಿ ಅವನ್ನು ಮುಚ್ಚಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ರತಿ ಮಳೆಗಾಲದ ಮುನ್ನ ಈ ರಂಧ್ರಗಳನ್ನು ಮತ್ತೆ ನೋಡಿ, ಚಕ್ರದ ಕಮಾನಿನ ಒಳಗಿನ ಕೆಸರನ್ನು ನೀರಿನಿಂದ ತೊಳೆಯಿರಿ, ಒಂದೆರಡು ವರ್ಷಕ್ಕೊಮ್ಮೆ ವ್ಯಾಕ್ಸನ್ನು ಹೊಸದಾಗಿ ಸಿಂಪಡಿಸಿ.