ಸಹಿ ಹಾಕುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಕೆಲಸ ಹೋಯ್ತು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು, "ಏನಕ್ಕಾದ್ರೂ ಸಹಿ ಹಾಕಿದ್ರಾ?" ಅಂತ.

ಈಚೆಗೆ ಅಂಕೋಲಾ ಕಡೆಯ ಹುಡುಗನೊಬ್ಬ ಬಂದಿದ್ದ. ಮಶೀನ್ ನಡೆಸುವ ಕೆಲಸ. ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಹಾಳೆ ತೆಗೆದ. 'ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ' ಅಂತ ಆಫೀಸಿನವರೇ ಟೈಪ್ ಮಾಡಿಸಿದ್ದರು. ಸಹಿಯ ಜಾಗ ಮಾತ್ರ ಖಾಲಿ. "ಮನೇಲಿ ಇನ್ನೂ ಹೇಳಿಲ್ಲ ಅಕ್ಕಾ. ಸಹಿ ಹಾಕಿದ್ರೆ ಬಾಕಿ ಸಂಬಳ ಬೇಗ ಕೊಡ್ತಾರಂತೆ" ಎಂದ.

ಬಾಕಿ ಸಂಬಳಕ್ಕೆ ರಾಜೀನಾಮೆ ಬೇಕಾಗಿಲ್ಲ. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ, ಎರಡು ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕು ಅಂತ ಈಗಿನ ವೇತನ ಸಂಹಿತೆ ಹೇಳುತ್ತದೆ.

ಆ ಸಹಿಯಿಂದ ಏನು ಹೋಗುತ್ತಿತ್ತು ನೋಡಿ. ಅವನ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 26,000 ರೂಪಾಯಿ, ಸೇವೆ ಏಳು ವರ್ಷ ಎಂಟು ತಿಂಗಳು ಅಂತ ಇಟ್ಟುಕೊಳ್ಳಿ. ಆರು ತಿಂಗಳು ದಾಟಿದ್ದರಿಂದ ಎಂಟು ವರ್ಷವೆಂದೇ ಲೆಕ್ಕ. ತಪ್ಪಿಗೆ ಶಿಕ್ಷೆಯಾಗಿ ಅಲ್ಲದೆ ಕಂಪನಿಯೇ ತೆಗೆದರೆ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು, ಅಂದರೆ 13,000. ಎಂಟು ವರ್ಷಕ್ಕೆ 1,04,000 ಪರಿಹಾರ. ತಾನಾಗಿ ಬಿಟ್ಟೆ ಅಂತ ಬರೆದುಕೊಟ್ಟರೆ ಈ ಹಣ ಕೇಳುವ ಹಕ್ಕೇ ಕೈತಪ್ಪುತ್ತದೆ. ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಬೇರೆ. ಅದು ರಾಜೀನಾಮೆ ಕೊಟ್ಟರೂ ಬರುತ್ತದೆ. ಅಲ್ಲೂ ವರ್ಷಕ್ಕೆ 15 ದಿನದ ಸಂಬಳವೇ, ಆದರೆ ತಿಂಗಳಿಗೆ 26 ದಿನದ ಲೆಕ್ಕ, ಹಾಗಾಗಿ ಅವನಿಗೆ 1,20,000. ಎರಡನ್ನೂ ಸೇರಿಸಿ 'ಸೆಟ್ಲ್‌ಮೆಂಟ್' ಅಂತ ಒಂದೇ ಮೊತ್ತ ತೋರಿಸಿದರೆ ಬಿಡಿಸಿ ಕೇಳಿ.

ಪರಿಹಾರದ ಜೊತೆ ನೋಟಿಸ್ ಕೂಡ ಇದೆ. ಕಾರಣ ಬರೆದ ಒಂದು ತಿಂಗಳ ಲಿಖಿತ ನೋಟಿಸ್, ಇಲ್ಲವೇ ಅದರ ಬದಲು ಒಂದು ತಿಂಗಳ ಸಂಬಳ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಮಾತು 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಉಳಿದಿದೆ. "ನೀನು ಪರ್ಮನೆಂಟ್ ಅಲ್ಲ" ಅಂತ ಸುಮ್ನೆ ಕಳಿಸುವುದು ನಮ್ಮಲ್ಲಿ ಜಾಸ್ತಿ. ಆದರೆ ಕಾನೂನು ಕೇಳುವುದು ಒಂದು ವರ್ಷದ ಸೇವೆಯನ್ನು. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದು ಒಂದು ವರ್ಷವೇ. ಇಂತಿಷ್ಟೇ ಅವಧಿ ಎಂದು ಕರಾರು ಬರೆದುಕೊಟ್ಟವರ ವಿಷಯ ಬೇರೆ. ಮ್ಯಾನೇಜರ್ ದರ್ಜೆಯವರಿಗೂ ಇದು ಅನ್ವಯಿಸದು, ಅವರು ತಮ್ಮ ಅಪಾಯಿಂಟ್‌ಮೆಂಟ್ ಆರ್ಡರ್ ತೆಗೆದು ಓದಬೇಕು.

ನೋಟಿಸ್ ತಿಂಗಳಲ್ಲಿ ಕೆಲಸಕ್ಕೆ ಹೋಗಲು ಮನಸ್ಸು ಬರುವುದಿಲ್ಲ. ಪಕ್ಕದವರು ಮುಖ ಕೊಟ್ಟು ಮಾತಾಡುವುದಿಲ್ಲ, ಊಟಕ್ಕೂ ಒಬ್ಬರೇ ಕೂರಬೇಕು. ಆದರೂ ಹೋಗಿ. ಗೈರು ಹಾಜರಾದರೆ 'ತಾನೇ ಬಿಟ್ಟು ಹೋದ' ಅಂತ ಬರೆಯಲು ಅವಕಾಶ ಸಿಗುತ್ತದೆ. ಶಿರಸಿ ಕಡೆ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವವರು ಇನ್ನೂ ಜಾಗ್ರತೆ ಇರಿ. ಲಾಗಿನ್ ಬಂದ್ ಮಾಡಿದರೆ ಅವತ್ತೇ ಮೇಲ್ ಹಾಕಿ: "ನಾನು ಕೆಲಸಕ್ಕೆ ಸಿದ್ಧನಿದ್ದೇನೆ, ಲಾಗಿನ್ ಆಗುತ್ತಿಲ್ಲ." ಸಂಬಳದ ಚೀಟಿಗಳನ್ನು, ಪಿಎಫ್ ಖಾತೆಯ ಯುಎಎನ್ ನಂಬರನ್ನು ಮೊದಲೇ ತೆಗೆದಿಟ್ಟುಕೊಳ್ಳಿ. ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ.

ಆ ಹುಡುಗ ಸಹಿ ಹಾಕಿರಲಿಲ್ಲ. ಹಾಕಿದವರೂ ಕೈಚೆಲ್ಲಿ ಕೂರಬೇಡಿ. ಒತ್ತಾಯ ಮಾಡಿ ಸಹಿ ಹಾಕಿಸಿಕೊಂಡಿದ್ದರೆ ತಡಮಾಡದೆ ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ. ವಕೀಲರ ಫೀಸಿನ ಚಿಂತೆ ಇದ್ದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಕೈಗಾರಿಕಾ ಕಾರ್ಮಿಕರಿಗೆ, ಮಹಿಳೆಯರಿಗೆ ಅಲ್ಲಿ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.