ತಿಂಗಳ ಕಂತು ಬೇಡ, ಗಾಡಿ ಬೆಲೆ ಕೇಳಿ

ಅಮೆರಿಕದ ಬೇರೆ ಬೇರೆ ಊರುಗಳಿಂದ ಈ ಕಾರ್ಯಕ್ರಮ ಕೇಳುತ್ತಿರುವ ಕನ್ನಡಿಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಕೇಳುತ್ತಿರುವವರಿಗೂ, ಹೈವೇ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೂ ನಮಸ್ಕಾರ. ಪ್ಲಗ್-ಇನ್ ಹೈಬ್ರಿಡ್ ಎಸ್‌ಯುವಿಯನ್ನು, ಅಂದರೆ ಪ್ಲಗ್‌ಗೆ ಹಾಕಿ ಚಾರ್ಜ್ ಮಾಡಬಹುದಾದ, ಪೆಟ್ರೋಲಿನಲ್ಲೂ ಓಡುವ ದೊಡ್ಡ ಗಾಡಿಯನ್ನು, ಒಳ್ಳೆಯ ದರಕ್ಕೆ ಲೀಸ್ ಮಾಡುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಕಾರ್ ಲೀಸಿನ ಲೆಕ್ಕ ನೋಡುವುದೇ ನನ್ನ ಕೆಲಸ, ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಡೀಲರ್ ಹತ್ತಿರ ತಿಂಗಳ ಕಂತಿನ ಮಾತು ಎತ್ತಬೇಡಿ. ಗಾಡಿ ಬೆಲೆ ಕೇಳಿ.

ಲೀಸ್ ಅಂದರೆ ಇಷ್ಟೇ, ಗಾಡಿ ಕೊಳ್ಳದೆ ಕೆಲವು ವರ್ಷ ಕಂತು ಕಟ್ಟಿ ಓಡಿಸಿ ವಾಪಸ್ ಕೊಡುವುದು. ಗಾಡಿಗೆ ಇವತ್ತು ಒಂದು ಬೆಲೆ ಇದೆ. ಮೂರು ವರ್ಷ ಆದ ಮೇಲೆ ಎಷ್ಟು ಬೆಲೆ ಉಳಿಯುತ್ತದೆ ಅಂತ ಬ್ಯಾಂಕ್, ಅಂದರೆ ಲೀಸ್ ಕಂಪನಿ, ಮೊದಲೇ ಬರೆದಿಡುತ್ತದೆ. ಅದಕ್ಕೆ ರೆಸಿಡ್ಯುಯಲ್ ಅನ್ನುತ್ತಾರೆ. ಇವೆರಡರ ನಡುವಿನ ವ್ಯತ್ಯಾಸವನ್ನು 36 ತಿಂಗಳಿಗೆ ಹಂಚಿ, ಮೇಲೆ ಬಡ್ಡಿ ಸೇರಿಸುತ್ತಾರೆ. ರೆಸಿಡ್ಯುಯಲ್ ಬ್ಯಾಂಕಿನ ಕೈಯಲ್ಲಿದೆ, ಅದನ್ನು ಜಗ್ಗಿಸಲು ಆಗುವುದಿಲ್ಲ. ಗಾಡಿ ಬೆಲೆಯನ್ನು ಜಗ್ಗಿಸಬಹುದು. ಬೆಲೆಯಲ್ಲಿ ಸಾವಿರ ಡಾಲರ್ ಇಳಿಸಿದರೆ ಕಂತು ತಿಂಗಳಿಗೆ ಸುಮಾರು 30 ಡಾಲರ್ ಇಳಿಯುತ್ತದೆ.

ಆದರೆ ನಮ್ಮವರು ಬಹಳ ಮಂದಿ, ಚೌಕಾಸಿ ಎಲ್ಲ ಕೊಳ್ಳುವವರಿಗೆ, ಲೀಸ್‌ಗೆ ಇಲ್ಲ ಅಂದುಕೊಂಡಿದ್ದಾರೆ. ಯಾರು ಹೇಳಿದ್ದು? ಚಿಕ್ಕಪೇಟೆಯಲ್ಲಿ ಸೀರೆ ನೋಡುವಾಗ ಅಂಗಡಿಯವರು ಬೆಲೆ ಹೇಳದೆ, "ತಿಂಗಳಿಗೆ ಎಷ್ಟು ಕೊಡ್ತೀರಮ್ಮ?" ಅಂತ ಕೇಳಿದರೆ ನೀವು ಉತ್ತರ ಕೊಡುತ್ತೀರಾ? ಎದ್ದು ಪಕ್ಕದ ಅಂಗಡಿಗೆ ಹೋಗುತ್ತೀರಿ, ಅಲ್ವಾ?

ನಮ್ಮ ಕನ್ನಡ ಕೂಟದ ಒಬ್ಬ ಹುಡುಗನ ಕಥೆ ಹೇಳಲೇಬೇಕು. 2024ರ ಮಾತು. ಊರಿಂದ ಅತ್ತೆ ಮಾವ ಬರುತ್ತಾರೆ, ದೊಡ್ಡ ಗಾಡಿ ಬೇಕು ಅಂತ ಗಂಡ ಹೆಂಡತಿ ಶನಿವಾರ ಒಂದು ಡೀಲರ್ ಹತ್ತಿರ ಹೋದರು. ಸ್ಟಿಕರ್ ಬೆಲೆ 45,000 ಡಾಲರ್. ಸೇಲ್ಸ್‌ನವರು ಕಾಫಿ ಕೊಟ್ಟು, ಮೊದಲನೇ ಪ್ರಶ್ನೆಯಾಗಿ ತಿಂಗಳಿಗೆ ಎಷ್ಟು ಕಟ್ಟಬಹುದು ಅಂತ ಕೇಳಿದರು. ಹುಡುಗ, 600ರ ಒಳಗೆ ಅಂದ. ಒಳಗೆ ಹೋಗಿ ಬಂದು ಟ್ಯಾಕ್ಸ್ ಬಿಟ್ಟು 559 ಅಂತ ಬರೆದು ಕೊಟ್ಟರು. ಕೈಯಿಂದ 4,000 ಮುಂಗಡ. ಇವನಿಗೆ ಖುಷಿಯೋ ಖುಷಿ. "ಅಂಕಲ್, ಕೇಳಿದ್ದಕ್ಕಿಂತ ಕಮ್ಮಿಗೇ ಕೊಟ್ರು" ಅಂತ ಅಲ್ಲಿಂದಲೇ ನನಗೆ ಫೋನ್ ಮಾಡಿದ.

ಸಹಿ ಹಾಕಬೇಡ, ಆ ಹಾಳೆಯ ಫೋಟೋ ಕಳಿಸು ಅಂದೆ. ಕಳಿಸಿದ್ದು ಅವನ ಹೆಂಡತಿ. ನೋಡುತ್ತೇನೆ, ಗಾಡಿ ಬೆಲೆ 45,000. ಒಂದು ಡಾಲರ್ ಕೂಡ ಇಳಿದಿಲ್ಲ. ರೆಸಿಡ್ಯುಯಲ್ 27,000. ಇನ್ನೂ ದೊಡ್ಡ ವಿಷಯ ಬೇರೆ ಇತ್ತು. ಆ ಗಾಡಿ ಹೊರದೇಶದಲ್ಲಿ ಜೋಡಣೆಯಾಗಿದ್ದು. ಆಗಿನ ಕಾನೂನಿನಲ್ಲಿ ಅಂಥ ಗಾಡಿ ಕೊಂಡವರಿಗೆ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ ಸಿಗುತ್ತಿರಲಿಲ್ಲ. ಲೀಸ್ ಮಾಡಿದರೆ ಲೀಸ್ ಕಂಪನಿಗೆ 7,500 ಡಾಲರ್‌ವರೆಗೆ ಸಿಗುತ್ತಿತ್ತು. ಅದನ್ನು ಗಿರಾಕಿಗೆ ಬಿಟ್ಟುಕೊಡಲೇಬೇಕು ಅಂತ ಕಾನೂನಿರಲಿಲ್ಲ. ಕೇಳಿದವರಿಗೆ ಸಿಕ್ಕಿತು, ಕೇಳದವರಿಗೆ ಎಷ್ಟೋ ಸಲ ಇಲ್ಲ. ಇವರ ಹಾಳೆಯಲ್ಲಿ ಆ 7,500ರ ಸುಳಿವೇ ಇಲ್ಲ!

ಕೇಳಪ್ಪಾ ಅಂದೆ. ಕೇಳಿದ. ಮ್ಯಾನೇಜರ್ ಬಂದು, ಅದು ಕಂತಿನಲ್ಲೇ ಸೇರಿದೆ ಅಂದರಂತೆ. ಆಗ ಅವನ ಹೆಂಡತಿ, "ಸೇರಿದ್ದರೆ ಯಾವ ಸಾಲಿನಲ್ಲಿದೆ, ತೋರಿಸಿ" ಅಂದಳು. ಎಂಥ ಒಳ್ಳೆಯ ಪ್ರಶ್ನೆ! ಉತ್ತರ ಬರಲಿಲ್ಲ. ಇಬ್ಬರೂ ಎದ್ದು ಬಂದರು.

ಮನೆಗೆ ಬಂದು ಸುತ್ತಮುತ್ತಲಿನ ಡೀಲರ್‌ಗಳಿಗೆಲ್ಲ ಒಂದೇ ಇಮೇಲ್ ಕಳಿಸಿದರು. ಇದೇ ಮಾಡೆಲ್, ಇದೇ ಟ್ರಿಮ್, 36 ತಿಂಗಳು, ವರ್ಷಕ್ಕೆ 12,000 ಮೈಲಿ ಮಿತಿ. ರಿಯಾಯಿತಿಗೆ ಮೊದಲು ನಿಮ್ಮ ಮಾರಾಟದ ಬೆಲೆ ಎಷ್ಟು, ರಿಯಾಯಿತಿ ಯಾವುದು ಎಷ್ಟು, ಬೇರೆ ಬೇರೆ ಬರೆದು ಕಳಿಸಿ ಅಂತ. ತಿಂಗಳ ಕಂತಿನ ಮಾತೇ ಇಲ್ಲ. ಪಕ್ಕದ ಊರಿನ ಡೀಲರ್ 42,500 ಅಂದರು, ಅದರಲ್ಲಿ 7,500 ಕಳೆದು 35,000. ಅದೇ ಬಡ್ಡಿ, ಅದೇ ರೆಸಿಡ್ಯುಯಲ್. ಮುಂಗಡ ಸೊನ್ನೆ. ಟ್ಯಾಕ್ಸ್ ಬಿಟ್ಟು ಕಂತು ಎಷ್ಟು ಗೊತ್ತಾ? 377 ಡಾಲರ್. ಮೂರು ವರ್ಷಕ್ಕೆ ಒಟ್ಟು ಲೆಕ್ಕ ಹಾಕಿದರೆ ಹತ್ತು ಸಾವಿರ ಡಾಲರ್‌ಗೂ ಜಾಸ್ತಿ ಉಳಿಯಿತು. ಅದೇ ಗಾಡಿ, ಬಣ್ಣ ಕೂಡ ಅದೇ. ಮೊದಲನೆಯವರು ಕಂತು ಕೇಳಿ ಕೂರಿಸಿದರು, ಎರಡನೆಯವರ ಹತ್ತಿರ ಇವರು ಬೆಲೆ ಕೇಳಿದರು.

ಆ 7,500 ಈಗ ಇಲ್ಲ. 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹಾಗಾಗಿ ಈಗ ಬೆಲೆ ಇಳಿಸುವುದು ಇನ್ನೂ ಮುಖ್ಯ. ಕಾರ್ ಕಂಪನಿಯದೇ ಲೀಸ್ ಕ್ಯಾಶ್, ಅಂದರೆ ಲೀಸ್ ಮಾಡುವವರಿಗೆ ಕೊಡುವ ರಿಯಾಯಿತಿ, ಏನಾದರೂ ಇದೆಯಾ ಅಂತಲೂ ಕೇಳಿ. ಸುಮ್ನೆ ಕೂತರೆ ಯಾರೂ ತಾವಾಗಿ ಹೇಳುವುದಿಲ್ಲ. ಇನ್ನೊಂದು ವಿಷಯ. 1976ರಿಂದ ಇಲ್ಲಿ ಗ್ರಾಹಕರ ಲೀಸ್ ಕಾನೂನು ಇದೆ. ಒಪ್ಪಿಕೊಂಡ ಗಾಡಿ ಬೆಲೆ, ರೆಸಿಡ್ಯುಯಲ್, ಒಟ್ಟು ಬಡ್ಡಿ ಎಲ್ಲವೂ ಲೀಸ್ ಕಾಗದದಲ್ಲಿ ಇರಲೇಬೇಕು. ಬೆಲೆ ಗ್ರಾಸ್ ಕ್ಯಾಪಿಟಲೈಸ್ಡ್ ಕಾಸ್ಟ್ ಅನ್ನುವ ಸಾಲಿನಲ್ಲಿ, ಬಡ್ಡಿ ರೆಂಟ್ ಚಾರ್ಜ್ ಅನ್ನುವ ಸಾಲಿನಲ್ಲಿ ಇರುತ್ತದೆ. ಆ ಎರಡು ಸಾಲು ಓದದೆ ಪೆನ್ನು ಮುಟ್ಟಬೇಡಿ.

ಸಮಯ ಮುಗಿಯುತ್ತಿದೆ ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ. ಬಡ್ಡಿಯನ್ನು ಮನಿ ಫ್ಯಾಕ್ಟರ್ ಅಂತ 0.00250 ಥರ ಚಿಕ್ಕ ಸಂಖ್ಯೆಯಲ್ಲಿ ಹೇಳುತ್ತಾರೆ. 2,400ರಿಂದ ಗುಣಿಸಿ, 6 ಪರ್ಸೆಂಟ್ ಅಂತ ಗೊತ್ತಾಗುತ್ತದೆ. ಬ್ಯಾಂಕಿನ ದರದ ಮೇಲೆ ಡೀಲರ್ ತಮ್ಮದು ಸೇರಿಸಬಹುದು, ಬ್ಯಾಂಕ್ ಕೊಟ್ಟ ದರ ಎಷ್ಟು ಅಂತ ಕೇಳಿ. ದೊಡ್ಡ ಮುಂಗಡ ಕಟ್ಟಬೇಡಿ. ನಾಳೆ ಗಾಡಿ ಪೂರ್ತಿ ನಜ್ಜುಗುಜ್ಜಾದರೆ ಇನ್ಶೂರೆನ್ಸ್ ದುಡ್ಡು ಬ್ಯಾಂಕಿನ ಬಾಕಿಗೆ ಹೋಗುತ್ತದೆ, ನಿಮ್ಮ ಮುಂಗಡ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಪ್ಲಗ್-ಇನ್ ತಗೊಳ್ಳುವ ಮುಂಚೆ ಮನೆಯಲ್ಲಿ ಪ್ಲಗ್ ಇದೆಯಾ ನೋಡಿ. 2024ರ ಮಾಡೆಲ್‌ಗಳಲ್ಲಿ ಟೊಯೋಟಾ ರಾವ್4 ಪ್ರೈಮ್ ಪೂರ್ತಿ ಚಾರ್ಜ್ ಆದರೆ ಕರೆಂಟಿನಲ್ಲೇ 42 ಮೈಲಿ ಓಡುತ್ತಿತ್ತು, ಮಿಟ್ಸುಬಿಷಿ ಔಟ್‌ಲ್ಯಾಂಡರ್ ಪ್ಲಗ್-ಇನ್ 38 ಮೈಲಿ. ಆಫೀಸಿಗೆ ಹೋಗಿ ಬರಲು ಧಾರಾಳ. ಗ್ಯಾರೇಜಿನ ಮಾಮೂಲಿ 120 ವೋಲ್ಟ್ ಪ್ಲಗ್ಗೇ ಸಾಕು. ಅಪಾರ್ಟ್‌ಮೆಂಟಿನಲ್ಲಿದ್ದು ಚಾರ್ಜ್ ಮಾಡಲು ಜಾಗವೇ ಇಲ್ಲದಿದ್ದರೆ ಈ ಗಾಡಿಗೆ ದುಡ್ಡು ಸುರಿಯಬೇಡಿ, ಸಾದಾ ಹೈಬ್ರಿಡ್ ತಗೊಳ್ಳಿ. ಅಮೆರಿಕದ ಕನ್ನಡ ಕೂಟಗಳ "ಅಕ್ಕ" ಸಮ್ಮೇಳನಕ್ಕೆ ರಾಜ್ಯ ದಾಟಿ ಡ್ರೈವ್ ಮಾಡಿಕೊಂಡು ಹೋಗುವವರು ಮೈಲಿ ಮೊದಲೇ ಜಾಸ್ತಿ ಬರೆಸಿಕೊಳ್ಳಿ, ಕೊನೆಯಲ್ಲಿ ಮೈಲಿಗೆ ಇಷ್ಟು ಸೆಂಟ್ ಅಂತ ದಂಡ ಕಟ್ಟುವುದು ದುಬಾರಿ.

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಒಂದು ಮಾತು. ಕೆಲಸ ಹೋದರೆ ಬೇರೆ ಕೆಲಸ ಹುಡುಕಲು, ಇಲ್ಲವೇ ದೇಶ ಬಿಡಲು, ಸಾಮಾನ್ಯವಾಗಿ ಸಿಗುವುದು ಹೆಚ್ಚೆಂದರೆ 60 ದಿನ. ಲೀಸನ್ನು ನಡುವೆ ಮುರಿದರೆ ಸಾವಿರಗಟ್ಟಲೆ ಕಟ್ಟಬೇಕಾಗಬಹುದು. ಲೀಸನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಬಿಡುತ್ತೀರಾ ಅಂತ ಸಹಿಗೆ ಮೊದಲೇ ಕೇಳಿ, ಕಾಗದದಲ್ಲಿ ತೋರಿಸಿ ಅನ್ನಿ. ನಮಸ್ಕಾರ.